ಸದನ ಎದ್ದು ನಿಲ್ಲುವ ಹೊತ್ತು

ಕಿಟಕಿಯ ಪರದೆಯ ಮೇಲೆ ವಿಮಾನದ ನೆರಳೊಂದು ಸರಕ್ಕನೆ ಹರಿದು ಹೋಯಿತು, ಗಲ್ಫಿನ ಈ ಖಲೀಫಾ ಸಿಟಿಯಲ್ಲಿ ಇದು ದಿನವೂ ಇದ್ದದ್ದೇ, ಆದರೂ ಜಲಜಾಕ್ಷಿಯ ಕಣ್ಣು ತಾನಾಗಿ ಗಂಡನ ಕುರ್ಚಿಯತ್ತ ಹೊರಳಿತು — ವಿಮಾನದ ಸದ್ದಾದರೆ ಸಾಕು, ಕುರ್ಚಿಯ ತೋಳನ್ನು ಮೂರು ಬೆರಳಲ್ಲಿ ಗಪ್ಪನೆ ಹಿಡಿಯುತ್ತಿದ್ದರು ಧರ್ಮಪಾಲ, ಎಪ್ಪತ್ತೊಂದರ ಯುದ್ಧ ಆ ಕೈಯಲ್ಲಿ ಉಳಿಸಿದ್ದು ಅಷ್ಟೇ, ಈಗ ಬೆಚ್ಚಲಿಕ್ಕೂ ಅವರಿಲ್ಲ, ಹೋದ ತಿಂಗಳು ಈ ಮರಳ ನಾಡಿನಲ್ಲೇ ಬೂದಿಯಾದರು, ಟೀವಿಯಲ್ಲಿ ಬೆಂಗಳೂರಿನ ವಿಧಾನಸಭೆ, ಅಧಿವೇಶನದ ಮೊದಲ ದಿನ, ತೀರಿಕೊಂಡ ಮಾಜಿ ಶಾಸಕರ ಹೆಸರುಗಳನ್ನು ಸಭಾಧ್ಯಕ್ಷರು ಓದುತ್ತಿದ್ದಾರೆ, ಇವರ ಹೆಸರು ಇನ್ನೂ ಬಂದಿಲ್ಲ, ಮಗಳು ದೀಪ್ತಿ ಆಫೀಸಿನ ಮೀಟಿಂಗನ್ನು ಮ್ಯೂಟಿಗೆ ಹಾಕಿ ಬಾಗಿಲಲ್ಲಿ ಇಣುಕುತ್ತಾಳೆ, ಬಂತಾ ಅಮ್ಮ, ಇಲ್ಲ ಮಗಾ, ನಾನು ಸಭಾಧ್ಯಕ್ಷರ ಕಚೇರಿಗೆ ಮೇಲ್ ಮಾಡಿದ್ದೆನಲ್ಲ, ಮಾಡಿದ್ದಿ, ಓದಿದವರು ಯಾರೋ, ಒಂದೇ ಅವಧಿಯ ಶಾಸಕ, ಪಕ್ಷಕ್ಕೆ ಬೇಡವಾದವ, ಪರದೇಶದಲ್ಲಿ ಸತ್ತರೆ ಯಾರಿಗೆ ನೆನಪು, ಬದುಕಿದ್ದಾಗ ಅವರೇ ನಕ್ಕು ಹೇಳುತ್ತಿದ್ದರು, ನೋಡು ಮಾರಾಯ್ತಿ, ಕೂತ್ಕೋ ಕೂತ್ಕೋ ಎಂದು ನನಗೆ ಕಿರುಚಿದ ಸದನ ನಾನು ಸತ್ತ ದಿನ ಎದ್ದು ನಿಲ್ಲಲೇಬೇಕು, ಅದು ಅಲ್ಲಿಯ ಕ್ರಮ, ಅದನ್ನು ನೀನು ತಪ್ಪಿಸಬೇಡ.

ತಪ್ಪಿಸುವುದುಂಟೇ, ಅಂದು ಗ್ಯಾಲರಿಯಲ್ಲಿ ಕೂತು ನೋಡಿದವಳು ಅವಳೇ ಅಲ್ಲವೇ, ಕಡಲ ದಂಡೆಯನ್ನು ಕಂಪನಿಗಳಿಗೆ ಬಿಟ್ಟುಕೊಡುವ ಮಸೂದೆ, ವಿರೋಧ ಇರುವವರು ಎದ್ದು ನಿಲ್ಲಿ ಅಂದರು ಅಂದಿನ ಸಭಾಧ್ಯಕ್ಷರು, ಆಳುವ ಪಕ್ಷದ ಸಾಲಿನಲ್ಲಿ ಇವರೊಬ್ಬರೇ ಎದ್ದರು, ಶೆಲ್ಲಿನ ಚೂರು ಕೂತ ಮೊಣಕಾಲನ್ನು ನೆಟ್ಟಗೆ ಮಾಡಿ ನಿಂತರು, ಮೂರು ಬೆರಳು ಮೇಜಿನ ಅಂಚನ್ನು ಉಗುರು ಬಿಳುಚುವಷ್ಟು ಬಿಗಿಯಾಗಿ ಹಿಡಿದಿದ್ದವು, ಹಿಂದಿನವನೊಬ್ಬ ಅಂಗಿ ಜಗ್ಗುತ್ತಾನೆ, ಕೂತ್ಕೊಳ್ರೀ ಹವಾಲ್ದಾರ್ರೇ, ಇದೇನು ಬಾರ್ಡರ್ರಾ, ಮುಂದಿನ ಸಲ ಟಿಕೆಟ್ ಬೇಡ್ವಾ, ಸುತ್ತಲೂ ನಗು, ಅವರು ಕೂರಲಿಲ್ಲ, ತಲೆ ಎಣಿಸಿ ಮುಗಿಯುವವರೆಗೂ ಕೂರಲಿಲ್ಲ, ಮಸೂದೆ ಪಾಸಾಯಿತು, ಟಿಕೆಟ್ ತಪ್ಪಿತು — ಜಲಜಾಕ್ಷಿಯ ಚಿಕ್ಕಂದಿನಲ್ಲಿ ಅವಳ ಅಪ್ಪ ದೀಪದ ಮುಂದೆ ಭಾರತ ಓದುವಾಗ, ಯೋಧನೊಬ್ಬ ಬಿದ್ದ ಪದ್ಯ ಬಂದರೆ ಪುಸ್ತಕ ಮಡಚಿ ಸುಮ್ಮನಾಗುತ್ತಿದ್ದರು, ಕೇಳುತ್ತಿದ್ದವರು ಉಸಿರೆತ್ತುತ್ತಿರಲಿಲ್ಲ, ಅಂಥದೊಂದು ಮೌನ ಇವರಿಗೂ ಸಿಗಲಿ ದೇವರೇ, ಬೇರೇನೂ ಬೇಡ — ಅಗೋ, ಕೊನೆಯದಾಗಿ, ಧರ್ಮಪಾಲ ಅವರು, ಮಾಜಿ ಸೈನಿಕರು, ಒಂದು ಅವಧಿಗೆ ಈ ಸದನದ ಸದಸ್ಯರು, ಸರಳ ಸಜ್ಜನರು, ಖಲಾಸ್, ಅಷ್ಟೇ, ದಂಡೆಯ ಮಾತಿಲ್ಲ, ಒಂಟಿಯಾಗಿ ನಿಂತ ಮಾತಿಲ್ಲ, ಆದರೆ ಏಳುತ್ತಿದ್ದಾರೆ, ಸಾಲು ಸಾಲಾಗಿ ಏಳುತ್ತಿದ್ದಾರೆ, ಅಂದು ಅಂಗಿ ಜಗ್ಗಿದವನೂ, ಮುದುಕನಾಗಿ ಮುಂದಿನ ಸಾಲಿಗೆ ಬಂದವನು, ತಡವರಿಸಿ ಎದ್ದ, ಜಲಜಾಕ್ಷಿಯೂ ಸೆರಗು ಹೊದ್ದು ಎದ್ದಳು, ಎಸಿಯ ಸದ್ದೊಂದೇ, ಅಪ್ಪ ಪುಸ್ತಕ ಮಡಚಿದ್ದಾರೆ.

ಸದನ ಕೂತಿತು, ಕೆಮ್ಮು, ಕಾಗದಗಳ ಸರಬರ, ಮುಂದಿನ ವಿಷಯ, ಆಯಿತಲ್ಲ ಅಮ್ಮ, ದೀಪ್ತಿ ಬಂದು ತೋಳು ಹಿಡಿಯುತ್ತಾಳೆ, ನಿಂತರೆ ನಿಮ್ಮ ಕಾಲು ಬೀಗುತ್ತದೆ, ಕೂತ್ಕೊಳ್ಳಿ, ಕೂತ್ಕೊಳ್ಳಿ — ಹೇಗೆ ಕೂರುವುದು ಮಗಾ, ಎಲ್ಲರೂ ಕೂತರು, ಅಗೋ ಅಂದು ಇವರು ನಿಂತಿದ್ದ ಆ ಸಾಲಿನಲ್ಲಿ, ಮೇಜಿನ ಅಂಚಿನಲ್ಲಿ, ಮೂರು ಬೆರಳು, ಇನ್ನೂ ಬಿಟ್ಟಿಲ್ಲ, ಮೂರು ಬೆರಳು