ಹತ್ತು ಹೆಜ್ಜೆ ಆಚೆ

ಏಳನೇ ಸಲವೂ ಹೆಂಡತಿ ಫೋನ್ ಎತ್ತಲಿಲ್ಲ. ಎತ್ತುವುದಿಲ್ಲವೆಂದು ನಕ್ಷೆಗಾರನಿಗೆ ಗೊತ್ತಿತ್ತು. ಗಾಡಿ ಓಡಿಸುವಾಗ ಅವಳು ಫೋನಿನ ಸದ್ದು ಆರಿಸಿ, ಕೈಚೀಲದೊಳಗೆ ತುರುಕಿ, ಚೀಲವನ್ನು ಹಿಂದಿನ ಸೀಟಿಗೆ ಎಸೆದುಬಿಡುತ್ತಾಳೆ. ಹಿಂದಿನ ಸೀಟಿನಲ್ಲಿ ಇವತ್ತು ಅಮ್ಮ ಇದ್ದಾಳೆ. ಆದರೆ ಅಮ್ಮನ ಎಡಗಣ್ಣಿಗೆ ಪಟ್ಟಿ, ಬಲಗಣ್ಣಿಗೆ ಪೊರೆ. ಫೋನು ಕೈಗೆ ಸಿಕ್ಕರೂ ಎಲ್ಲಿ ಒತ್ತಬೇಕೆಂದು ಅವಳಿಗೆ ಕಾಣುವುದಿಲ್ಲ.

ಮೇಜಿನ ಮೇಲೆ ಊರಿನ ನೀರಿನ ಕೊಳವೆಗಳ ನಕ್ಷೆ ಹರಡಿತ್ತು. ಎಲ್ಲೆಲ್ಲಿ ಸೋರುತ್ತಿದೆಯೋ ಅಲ್ಲೆಲ್ಲ ಕೆಂಪು ಚುಕ್ಕೆ ಇಡುವುದು ಅವನ ಕೆಲಸ. ಸ್ವಲ್ಪ ಹೊತ್ತಿನ ಹಿಂದೆ ಒಂದು ವರದಿ ಬಂದಿತ್ತು: 'ಹೊರಗೆ ಎಲ್ಲೂ ಒದ್ದೆಯಿಲ್ಲ. ಒತ್ತಡ ಮಾತ್ರ ಇಳಿಯುತ್ತಿದೆ. ಒಳಗೇ ಸೋರಿಕೆ.' ಓದುತ್ತಿದ್ದಂತೆ ಅವನ ಕೈ ಫೋನಿಗೆ ಹೋಗಿತ್ತು. ಇದೇ ಮಾತನ್ನು ಮಂಗಳವಾರ ಮೆಕ್ಯಾನಿಕ್ ಹೇಳಿದ್ದ, ದೊರೆಸಾನಿಯ ಬಗ್ಗೆ. ಇವತ್ತು ಶುಕ್ರವಾರ.

ದೊರೆಸಾನಿ ಎಂದರೆ ಅವರ ಕಾರು. ಹಡಗಿನಲ್ಲಿ ಬಂದವಳು, ವಯಸ್ಸು ಇಪ್ಪತ್ತೆರಡು, ಇವನ ಕೈಗೆ ಬರುವ ಹೊತ್ತಿಗೆ ಮೂವರು ಯಜಮಾನರನ್ನು ಕಂಡಿದ್ದಳು. ಚರ್ಮದ ಸೀಟು, ಮುಚ್ಚಿದರೆ ಸದ್ದೇ ಇಲ್ಲದೆ ಕೂರುವ ಬಾಗಿಲು. ಅಷ್ಟಕ್ಕೇ ಮರುಳಾಗಿ ಕೊಂಡುಕೊಂಡಿದ್ದ. ಅವಳ ಒಂದೊಂದು ತಿರುಪೂ ಸಮುದ್ರ ದಾಟಿಯೇ ಬರಬೇಕೆಂದು ಗೊತ್ತಾದದ್ದು ಆಮೇಲೆ. ಪಕ್ಕದ ಕನ್ನಡಿ ಒಡೆದಾಗ ಎರಡು ತಿಂಗಳು ಕಾದರು. ಗೇರ್‌ಬಾಕ್ಸ್ ಕೆಟ್ಟ ವರ್ಷ ಮನೆಗೆ ಸುಣ್ಣಬಣ್ಣ ಆಗಲಿಲ್ಲ. ಆನೆ ಸಾಕಿದ್ದರೆ ಮಕ್ಕಳಾದರೂ ನೋಡಲು ಬರುತ್ತಿದ್ದರು ಎಂದು ಹೆಂಡತಿ ಹೇಳುವುದಿತ್ತು, ಹೇಳುವ ಜಾಗದಲ್ಲಿ.

ಹೇಳುವ ಜಾಗ ಎಂದರೆ ಕಾರಿನಿಂದ ಹತ್ತು ಹೆಜ್ಜೆ ಆಚೆ. ಒಮ್ಮೆ ಮೂವರೂ ಒಳಗೆ ಕೂತು, ಇವಳನ್ನು ಮಾರಿಬಿಡೋಣ ಎಂದು ಮಾತಾಡುತ್ತಿರುವಾಗಲೇ ಇಂಜಿನ್ ನಡುರಸ್ತೆಯಲ್ಲಿ ನಿಂತುಹೋಗಿತ್ತು. ಇನ್ನೊಮ್ಮೆ ಹೆಂಡತಿ "ಈ ಹಾಳು ಡಬ್ಬಾ" ಎಂದು ಬಾಯಿ ತೆಗೆದದ್ದೇ ತಡ, ಮತ್ತೆ ನಿಂತಿತು. ಅವತ್ತೇ ಅಮ್ಮ ಅಪ್ಪಣೆ ಹೊರಡಿಸಿದಳು. "ಅವಳ ಎದುರಿಗೆ ಅವಳ ವಿಷಯ ಆಡ್ಬೇಡಿ. ಏನಿದ್ರೂ ಇಳಿದು, ಹತ್ತು ಹೆಜ್ಜೆ ಆಚೆ ಹೋಗಿ ಮಾತಾಡ್ಕೊಳ್ಳಿ." ತಮಾಷೆಗೆ ಶುರುವಾದದ್ದು ಮನೆಯ ಕಾನೂನೇ ಆಯಿತು. ಒಳಗೆ ಕೂತಾಗ ಹೊಗಳಿಕೆ ಮಾತ್ರ. ನಗುವವರು ನಗಲಿ, ಆಮೇಲೆ ದೊರೆಸಾನಿ ದಾರಿಯಲ್ಲಿ ಕೈಕೊಟ್ಟದ್ದು ಕಡಿಮೆ.

ಮಂಗಳವಾರ ಎಣ್ಣೆ ಬದಲಿಸಲು ಹೋದಾಗ ಮೆಕ್ಯಾನಿಕ್ ಇವನನ್ನು ಶೆಡ್ಡಿನಿಂದ ಆಚೆ ಕರೆದಿದ್ದ. ಎಷ್ಟೋ ವರ್ಷದ ಪರಿಚಯ, ಕಾನೂನು ಅವನಿಗೂ ಗೊತ್ತು.

"ಬ್ರೇಕ್ ಪೆಡಲ್ ಒತ್ತಿ ಹಿಡಿದ್ರೆ ಮೆಲ್ಲಗೆ ಕೆಳಗೆ ಇಳೀತಿದೆ ಸಾರ್. ಬ್ರೇಕಿಗೆ ಒತ್ತಡ ಕೊಡೋ ಮಾಸ್ಟರ್ ಸಿಲಿಂಡರ್ ಒಳಗೇ ಸೋರ್ತಿದೆ. ಓಡಿಸ್ಲೇಬೇಡಿ ಅಂತೀನಿ. ಓಡಿಸಿದ್ರೂ ಇಳಿಜಾರಿಗಂತೂ ಬೇಡವೇ ಬೇಡ."

"ಹೊಸದು ಹಾಕಿಸಿದ್ರೆ ಎಷ್ಟಾಗುತ್ತೆ?"

ಮೆಕ್ಯಾನಿಕ್ ಹೇಳಿದ ಬೆಲೆ ಕೇಳಿ ಅವನು ನೆಲ ನೋಡಿದ. ಅಮ್ಮನ ಬಲಗಣ್ಣಿನ ಆಪರೇಷನ್ನಿಗೆಂದು ತೆಗೆದಿಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ.

ಅವತ್ತು ಸಂಜೆ ಹೆಂಡತಿ ಪಾಠ ಮಾಡುವ ಶಾಲೆ ಬಿಟ್ಟ ಮೇಲೆ ಅವಳನ್ನು ಕರೆತರುವಾಗ ಹೇಳಬೇಕೆಂದಿದ್ದ. ಕಾರಿನೊಳಗಿದ್ದರು, ಹೇಳುವ ಹಾಗಿರಲಿಲ್ಲ. ಇಳಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬುಧವಾರವೂ ಏನೋ ಒಂದು. ಗುರುವಾರವೂ. ಮನೆಯ ಕಾನೂನು ಇಷ್ಟು ಒಳ್ಳೆಯ ನೆಪವಾಗಿ ಒದಗುತ್ತದೆಂದು ಅವನೇ ಎಣಿಸಿರಲಿಲ್ಲ. ಬರುವ ಸೋಮವಾರ ಅಮ್ಮನ ಪಟ್ಟಿ ಬಿಚ್ಚಿಸಲು ತಾನೇ ಟ್ಯಾಕ್ಸಿ ಮಾಡಿ ಹೋದರಾಯಿತು, ಅಷ್ಟರಲ್ಲಿ ಏನಾದರೂ ದಾರಿ ಕಂಡೀತು ಎಂದುಕೊಂಡಿದ್ದ. ಆದರೆ ಇವತ್ತು ಬೆಳಿಗ್ಗೆ ಹತ್ತಕ್ಕೆ ಹೆಂಡತಿಯ ಸಂದೇಶ ಬಂತು: 'ಡಾಕ್ಟ್ರು ಇವತ್ತೇ ಬನ್ನಿ ಅಂದ್ರು. ರಜೆ ಹಾಕಿ ಅತ್ತೇನ ಕರ್ಕೊಂಡು ಹೊರಟೆ.' ಕೆಲಸದ ಗಡಿಬಿಡಿಯಲ್ಲಿ ಇವನು ಸರಿ ಎಂದು ಉತ್ತರಿಸಿದ್ದ. ಸರಿ ಅಂತೆ, ಸರಿ!

ಕಣ್ಣಿನ ಆಸ್ಪತ್ರೆಗೆ ಹೋಗಬೇಕಾದರೆ ನೀರಿನ ಟ್ಯಾಂಕಿನ ಗುಡ್ಡ ಹತ್ತಿ, ಆ ಕಡೆಯ ಮೂರು ತಿರುವುಗಳನ್ನು ಇಳಿಯಬೇಕು. ನೂರು ಮೀಟರಿಗೆ ಒಂಬತ್ತು ಮೀಟರ್ ಇಳಿಜಾರು ಎಂದು ನಕ್ಷೆಯಲ್ಲಿ ಬರೆದವನು ಅವನೇ. ಅಂಕಿ ಅವನದೇ ದುಂಡು ಅಕ್ಷರದಲ್ಲಿ ಅಲ್ಲಿ ಕೂತಿತ್ತು.

"ನಿಮ್ಮ ಸ್ಕೂಟರ್ ಬೇಕಿತ್ತು," ಎಂದ ಪಕ್ಕದ ಮೇಜಿನಲ್ಲಿ ಲೆಕ್ಕ ಬರೆಯುವವಳಿಗೆ. ಅವಳು ಅವನ ಮುಖ ನೋಡಿ ಕೀಲಿ ಕೊಟ್ಟಳು. "ಬ್ರೇಕ್ ಸ್ವಲ್ಪ ಬಿಗಿ ಇದೆ, ನೋಡ್ಕೊಂಡು ಹೋಗಿ," ಎಂದಳು.

ದಾರಿಯುದ್ದಕ್ಕೂ ಅವನ ಕಣ್ಣು ಎದುರಿನವರ ಮುಖದ ಮೇಲೆಯೇ. ಏನಾದರೂ ಕಂಡು ಬಂದವರ ಮುಖ ಬೇರೆಯೇ ಇರುತ್ತದೆ. ಬಸ್ಸಿನ ಚಾಲಕ ಆಕಳಿಸುತ್ತ ಬಂದ; ಸ್ವಲ್ಪ ಉಸಿರಾಡಿದ. ಹಾಲಿನ ವ್ಯಾನಿನವನು ಗುಡ್ಡದ ಕಡೆ ತಿರುಗಿ ತಿರುಗಿ ನೋಡುತ್ತ ಬಂದ. ಆಕ್ಸಿಲರೇಟರನ್ನು ಇನ್ನಷ್ಟು ತಿರುವಿದ. ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ನಿಲ್ಲಿಸಿ ನೋಡುವ ಧೈರ್ಯ ಬರಲಿಲ್ಲ. ಅಮ್ಮನನ್ನು ಕೊಂದೆ, ಇಬ್ಬರನ್ನೂ ಕೊಂದೆ ಎಂದು ಒಳಗೊಳಗೇ ಹೇಳಿಕೊಳ್ಳುತ್ತಲೇ ಗುಡ್ಡ ಹತ್ತಿದ.

ಟ್ಯಾಂಕಿನ ಹತ್ತಿರ, ಇಳಿಜಾರು ಶುರುವಾಗುವಲ್ಲಿ, ದೊರೆಸಾನಿ ರಸ್ತೆಯಂಚಿನ ಕಟ್ಟೆಗೆ ಮೂತಿ ಒತ್ತಿ ನಿಂತಿದ್ದಳು. ಮುಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟಿದ್ದರು. ಸ್ವಲ್ಪ ದೂರದಲ್ಲಿ ಅಮ್ಮ ಮೋಟುಗೋಡೆಯ ಮೇಲೆ ಕೂತಿದ್ದಳು, ಒಂದು ಕಣ್ಣಿಗೆ ಬಿಳಿ ಪಟ್ಟಿ, ಮಡಿಲಲ್ಲಿ ಸೊಸೆಯ ಕೈಚೀಲ. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಇಬ್ಬರೂ ನೆಟ್ಟಗಿದ್ದರು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಅವನು ಮೂರು ಸಲ ಒದೆಯಬೇಕಾಯಿತು.

ಹೆಂಡತಿ ಎದುರು ಬಂದು ಅವನ ತೋಳು ಹಿಡಿದು ಈಚೆ ಕರೆತಂದಳು. ಅವಳ ಕೈ ತಣ್ಣಗಿತ್ತು.

"ಪೆಡಲ್ ಪೂರ್ತಿ ಕೆಳಗೆ ಹೋಗ್ಬಿಡ್ತು. ಹ್ಯಾಂಡ್‌ಬ್ರೇಕ್ ಎಳೆದು ಕಟ್ಟೆಗೆ ಒರಗಿಸ್ದೆ. ಇನ್ನು ನಾಲ್ಕು ಮಾರು ಹೋಗಿದ್ರೆ..." ಇಳಿಜಾರಿನ ಕಡೆ ತಿರುಗಿ ನೋಡಿದಳು. "ನಿಂತ ಮೇಲೆ ಫೋನ್ ನೋಡ್ದೆ. ಏಳು ಸಲ ಮಾಡಿದ್ದೀರಿ. ಆಫೀಸಿಂದ ಒಂದ್ಸಲವೂ ಮಾಡೋರಲ್ಲ ನೀವು. ಯಾಕ್ರೀ ಮಾಡಿದ್ರಿ?"

ಸುಳ್ಳು ಬಾಯಿಯ ತನಕ ಬಂದಿತ್ತು. ಅವಳ ಕೈ ಇನ್ನೂ ತೋಳಿನ ಮೇಲಿತ್ತು.

"ಮಂಗಳವಾರವೇ ಗೊತ್ತಾಗಿತ್ತು," ಎಂದ. "ಮೆಕ್ಯಾನಿಕ್ ಹೇಳಿದ್ದ."

ಅವಳು ಕೂಗಾಡುತ್ತಾಳೆಂದು ಕಾದ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಂಗೆ ಸೋಮವಾರವೇ," ಎಂದಳು. "ಕಾಲಿಗೆ ಗೊತ್ತಾಯ್ತು, ಮೆತ್ತಗಾಗಿದೆ ಅಂತ. ಮೊದಲನೇ ಗೇರಲ್ಲಿ ಮೆಲ್ಲಗೆ ಇಳಿಸ್ಬಹುದು ಅಂದ್ಕೊಂಡೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಅಮ್ಮನ ಕಣ್ಣಿನ ಪಟ್ಟಿಯ ಕಡೆ ನೋಡಿದಳು. ಅವನೂ ನೋಡಿದ. ಇಬ್ಬರೂ ಒಂದೇ ಹೆದರಿಕೆಯನ್ನು ಮೂರು ರಾತ್ರಿ ಒಂದೇ ಹಾಸಿಗೆಯಲ್ಲಿ ಬೇರೆ ಬೇರೆ ಹೊದ್ದು ಮಲಗಿದ್ದರು.

"ಏನೋ ಅದು ಗುಸುಗುಸು?" ಎಂದಳು ಅಮ್ಮ ಗೋಡೆಯ ಮೇಲಿಂದ. "ಅವಳಿಗೆ ಕೇಳಿಸ್ಬಾರ್ದೋ, ನಂಗೆ ಕೇಳಿಸ್ಬಾರ್ದೋ?"

ಅಮ್ಮ ಚೀಲವನ್ನು ಪಕ್ಕಕ್ಕಿಟ್ಟು ಕೈ ಚಾಚಿದಳು. ಇವನು ಹೋಗಿ ಹಿಡಿದುಕೊಂಡ. ಅವಳು ಎದ್ದು, ಟ್ಯಾಕ್ಸಿ ಸಿಗುವ ಕಡೆಗಲ್ಲ, ಕಾರಿನ ಕಡೆಗೆ ನಡೆದಳು. ಬಾಯಲ್ಲೇ ಎಣಿಸುತ್ತಿದ್ದಳು, ಒಂದು, ಎರಡು, ಮೂರು. ಹತ್ತಕ್ಕೆ ಅವಳ ಇನ್ನೊಂದು ಕೈ ಬಾನೆಟ್ಟಿಗೆ ತಾಗಿತು. ಅಂಗೈಯನ್ನು ಅಲ್ಲೇ ಇಟ್ಟಳು.

"ಇನ್ನೂ ಬಿಸಿ ಇದಾಳೆ," ಎಂದಳು. "ಹೂಂ, ಈಗ ಹೇಳು. ನನ್ನ ಕಣ್ಣಿನ ದುಡ್ಡಿನ ವಿಷಯಾನೂ ಸೇರಿಸಿ ಹೇಳು."

ಅವನು ಹೇಳಲು ಶುರುಮಾಡಿದ. ಮಂಗಳವಾರದಿಂದ, ಗಟ್ಟಿಯಾಗಿ. ಹೆಂಡತಿಯೂ ಬಂದು ಪಕ್ಕದಲ್ಲಿ ನಿಂತಳು. ಆರುತ್ತಿದ್ದ ಇಂಜಿನ್ ಅಮ್ಮನ ಅಂಗೈಯ ಕೆಳಗೆ ಟಿಕ್, ಟಿಕ್ ಎನ್ನುತ್ತಿತ್ತು.