ಕೋಟಜ್ಜಿಯ ಪ್ರಶ್ನೆ

ಯಾವ ವಸ್ತುವನ್ನೇ ಆಗಲಿ, ಮೊದಲು ಮಕ್ಕಳ ಮೂಗಿಗೆ ಹಿಡಿಯದೆ ಕೋಟಜ್ಜಿ ಪಾತ್ರೆಗೆ ಹಾಕಿದವಳಲ್ಲ. ಶಾಲೆಯ ರಸಾಯನಶಾಸ್ತ್ರದ ಪಾಠದಿಂದ ನಿವೃತ್ತಳಾದರೂ ಆಮ್ಲ ಬಿದ್ದು ತೂತಾದ ಬಿಳಿ ಕೋಟನ್ನು ಮಾತ್ರ ಬಿಡದೆ, ಒಂದು ಭುಜ ಏರಿ ಇನ್ನೊಂದು ಇಳಿದು, ತಕ್ಕಡಿಯಂತೆ ತೂಗುತ್ತ ಅವಳು ಅಡುಗೆಮನೆಗೆ ಬರುವ ಹೊತ್ತಿಗೆ ನೆರೆಮನೆಗಳ ಮಕ್ಕಳು ಕಟ್ಟೆಯ ಸುತ್ತ ಕತ್ತು ಚಾಚಿ ನಿಂತಿರುತ್ತಿದ್ದರು. ನಿಂಬೆರಸಕ್ಕೆ ಸೋಡಾಪುಡಿ ಬಿದ್ದು ಬುಸ್ಸೆಂದರೆ, "ನೋಡ್ರೋ, ಹುಳಿಗೂ ಸೋಡಾಗೂ ಜಗಳ ಹತ್ಕೊಂಡಿತು. ಬಿಡಿಸೋಕೆ ಹೋಗ್ಬೇಡಿ, ಗಾಳಿ ಹೊರಗೆ ಹೋದ್ಮೇಲೆ ತಾವೇ ತಣ್ಣಗಾಗ್ತವೆ" ಎನ್ನುವಳು. ಆಮೇಲೆ ಬೆರಳೆತ್ತಿ ಅದೇ ಪ್ರಶ್ನೆ: "ಏನು ವಾಸನೆ?" ಅವಳು ಕೇಳುವ ಮುನ್ನ ಬಾಯಿಬಿಟ್ಟವರಿಗೆ ಆ ದಿನ ಪಾತ್ರೆ ತೊಳೆಯುವ ಶಿಕ್ಷೆ. "ನಮ್ಮತ್ತೆ ಕಲಿಸೋ ರೀತೀನೇ ಬೇರೆ" ಎಂದು ಸೊಸೆ ಕಂಡವರೆದುರು ಬೀಗುತ್ತಿದ್ದಳು.

ಸಕ್ಕರೆ ಕರಗಿಸುವ ಪಾಠದ ದಿನ ಸೊಸೆ ಕೆಲಸದಿಂದ ಬೇಗ ಬಂದಳು. ಬಾಗಿಲು ತೆರೆದರೆ ಮನೆತುಂಬ ಗ್ಯಾಸಿನ ನಾತ. ಪಾತ್ರೆಯ ನೀರು ಉಕ್ಕಿ ಉರಿ ಆರಿಹೋಗಿತ್ತು, ಒಲೆಯ ತಿರುಪು ತೆರೆದೇ ಇತ್ತು. ತನ್ನ ಮಗಳೂ ಸೇರಿದಂತೆ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು, ಪಿಟಿಕ್ಕೆನ್ನದೆ ನಿಂತಿದ್ದರು. ಅವರ ನಡುವೆ ಕೋಟಜ್ಜಿ, ನಗುನಗುತ್ತ ಸಕ್ಕರೆಯ ಕಥೆ ಹೇಳುತ್ತ, ಮತ್ತೆ ಉರಿ ಹಚ್ಚಲು ಬೆಂಕಿಕಡ್ಡಿ ತೆಗೆದಿದ್ದಳು.

"ಅತ್ತೆ, ಗೀರ್ಬೇಡಿ!"

ಕಡ್ಡಿ ಕಸಿದು, ತಿರುಪು ಮುಚ್ಚಿ, ಎಲ್ಲರನ್ನೂ ಹೊರಗೆ ದಬ್ಬಿದ ಸೊಸೆ, ಮಗಳ ರಟ್ಟೆ ಹಿಡಿದು ಅಲುಗಿಸಿದಳು. "ವಾಸನೆ ಬರ್ಲಿಲ್ವೇನೇ ನಿಂಗೆ?"

"ಬಂತಮ್ಮ. ಆದ್ರೆ ಅಜ್ಜಿ ಇನ್ನೂ ಕೇಳಿರ್ಲಿಲ್ವಲ್ಲ."

ಸೊಸೆ ನಿಧಾನವಾಗಿ ಅತ್ತೆಯತ್ತ ತಿರುಗಿದಳು. ಕೋಟಜ್ಜಿ ಕೋಟಿನ ತೂತಿನಲ್ಲಿ ಬೆರಳಾಡಿಸುತ್ತಿದ್ದಳು.

"ಆ ಜ್ವರ ಬಂದಿತ್ತಲ್ಲಮ್ಮ, ಆಗಿನಿಂದ ಮೂಗು ಸತ್ತೇಹೋಗಿದೆ. ಹೇಳಿದ್ರೆ ಒಲೆ ಹತ್ರ ಬಿಡ್ತಿದ್ರಾ? ಮಕ್ಕಳನ್ನ ಕಳಿಸ್ತಿದ್ರಾ ಯಾರಾದ್ರೂ?"

ಮರುವಾರ ಯಾರೂ ಕಳಿಸಲಿಲ್ಲ. ಆರಿದ ಒಲೆಯ ಪಕ್ಕದಲ್ಲಿ ಸೊಸೆಯೇ ಒಂದು ನಿಂಬೆಹಣ್ಣು ಹೆಚ್ಚಿಟ್ಟು, ಬಾಗಿಲಲ್ಲಿ ಕಾವಲು ಕೂತಳು. ಕೋಟಜ್ಜಿ ಬೆರಳೆತ್ತುವ ಮೊದಲೇ ಮೊಮ್ಮಗಳು, "ನಿಂಬೆ, ಅಜ್ಜಿ! ನಿಂಬೆ ವಾಸನೆ!" ಎಂದು ಕೂಗಿಬಿಟ್ಟಳು. ಎತ್ತಹೊರಟ ಬೆರಳು ಮೆಲ್ಲಗೆ ಕೋಟಿನ ಜೇಬಿಗಿಳಿಯಿತು.

ಕಲಿಸುವ ಗೀಳು ಹಿಡಿದವರೇ ಹೀಗೆ. ತಮ್ಮ ಕೊರತೆಯನ್ನು ಒಪ್ಪಿಕೊಳ್ಳಲಾರದೆ ಅದನ್ನೂ ಒಂದು ಪಾಠವಾಗಿಸಿಬಿಡುತ್ತಾರೆ. ಅವರನ್ನು ನಂಬಿದ ಮಕ್ಕಳೋ, ಪ್ರಶ್ನೆ ಬರುವವರೆಗೂ ಉಸಿರು ಬಿಗಿಹಿಡಿದು ನಿಂತೇ ಇರುತ್ತಾರೆ.