ಒಂದು ಬೆರಳಿನ ಖಾನೆಗಳು

ಬಡಗಿಯ ಹೆಂಡತಿ ಒಂದು ಪೆಟ್ಟಿಗೆ ಕೇಳಿ ಇಪ್ಪತ್ತೆರಡು ವರ್ಷವಾಗಿತ್ತು. ದೊಡ್ಡದೇನಲ್ಲ. ಗುಂಡಿಗಳನ್ನು ಬಣ್ಣ, ಅಳತೆ ನೋಡಿ ಬೇರೆ ಬೇರೆ ಇಡಲು ಎಳೆದು ತೆಗೆಯುವ ಪುಟ್ಟ ಪುಟ್ಟ ಖಾನೆಗಳಿರುವ, ಮೊಣಕೈಯುದ್ದದ ಮರದ ಪೆಟ್ಟಿಗೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಬೀದಿಯಲ್ಲಿ ಯಾರ ಅಂಗಿಯ ಗುಂಡಿ ಉದುರಿದರೂ ಇಲ್ಲಿಗೇ ಬರುತ್ತಿದ್ದರು. ಅವಳು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಳಿದ ಗುಂಡಿಗಳನ್ನೊಮ್ಮೆ ನೋಡಿ, ಬಿಸ್ಕತ್ತಿನ ಡಬ್ಬಗಳಲ್ಲಿ ತಡಕಾಡಿ, ಅವಕ್ಕೆ ಒಡಹುಟ್ಟಿದಂಥದ್ದನ್ನೇ ಹೆಕ್ಕಿ ತೆಗೆಯುತ್ತಿದ್ದಳು.

"ಊರಿಗೆಲ್ಲ ಬೀರು ಮಾಡಿಕೊಡ್ತೀರಿ. ನಮ್ಮನೇಲಿ ಮಾತ್ರ ಬಿಸ್ಕತ್ತಿನ ಡಬ್ಬ" ಎನ್ನುತ್ತಿದ್ದಳು.

"ಒಳ್ಳೆ ತುಂಡು ಸಿಗಲಿ ಕಣೇ. ನಿನಗೆ ಅಂತ ಮಾಡೋದನ್ನ ಹೇಗಂದ್ರೆ ಹಾಗೆ ಮಾಡೋಕಾಗುತ್ತಾ?"

ಅವನು ಹೇಳುತ್ತಿದ್ದುದು ಸುಳ್ಳಲ್ಲ. ಪ್ರತಿ ಕೆಲಸ ಮುಗಿದಾಗಲೂ ಮಿಕ್ಕ ಮರದಲ್ಲಿ ಚೆಂದದ್ದೊಂದನ್ನು ಆರಿಸಿ ಮನೆಗೆ ತಂದು ಅಟ್ಟಕ್ಕೆ ಹಾಕುತ್ತಿದ್ದ. ಅಟ್ಟ ತುಂಬಿತು, ಪೆಟ್ಟಿಗೆಯಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವ ಮಾತು ದೀಪ ಮಾಡುವವನ ಮನೆಯಲ್ಲೇ ಹುಟ್ಟಿರಬೇಕು.

ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕತ್ತರಿ ಅವಳ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಮೇಲೇಳಲಿಲ್ಲ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಎಡಗೈ ಉಳಿದಿತ್ತು, ಸ್ವಲ್ಪ ತೊದಲಿದರೂ ನಾಲಿಗೆ ಉಳಿದಿತ್ತು. "ಇನ್ನೊಂದು ಸಲ ಬಂದರೆ ಕಷ್ಟ" ಎಂದು ಡಾಕ್ಟರು ಬಡಗಿಯನ್ನು ಬಾಗಿಲಾಚೆ ಕರೆದು ಹೇಳಿದ್ದರು.

ಅವಳ ತಂಗಿ ಬಂದು ಜೊತೆಗಿದ್ದಳು. ಮುಖ ತೊಳೆಸುವುದು, ತಲೆ ಬಾಚುವುದು, ಊಟ ಮಾಡಿಸುವುದು ಎಲ್ಲಕ್ಕೂ ಅವಳನ್ನು ಕರೆಯಬೇಕು. ಜೀವನಪೂರ್ತಿ ಯಾರನ್ನೂ ಕರೆಯದೆ ಬದುಕಿದವಳಿಗೆ ಕಾಯಿಲೆಗಿಂತ ಆ ಕರೆಯುವುದೇ ದೊಡ್ಡ ಶಿಕ್ಷೆ.

ಒಂದು ಮಧ್ಯಾಹ್ನ ಬಡಗಿ ಊಟಕ್ಕೆ ಬಂದಾಗ ಕೋಣೆಯ ತುಂಬ ಗುಂಡಿಗಳು. ತಂಗಿ ಮೊಣಕಾಲೂರಿ ಮಂಚದ ಕೆಳಗಿನವನ್ನು ಬಳಿಯುತ್ತಿದ್ದಳು. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಖಾಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎದುರು ಮನೆ ಮೇಷ್ಟ್ರ ಅಂಗಿ ಬಂದಿತ್ತು" ಎಂದಳು. "ಒಂದು ಮುಚ್ಚಳಕ್ಕೆ ಸೋತೆ ನೋಡಿ."

"ನನ್ನ ಕರೀಬಾರದಿತ್ತಾ ಅಕ್ಕಾ?" ಮಂಚದ ಕೆಳಗಿನಿಂದ ತಂಗಿಯ ದನಿ.

"ಎಷ್ಟು ಅಂತ ಕರೀಲೇ? ರೀ, ಹೊಲಿಯೋದು ಹೋಯ್ತು, ಹೋಗಲಿ. ಗುಂಡಿ ಒಂದನ್ನಾದರೂ ಯಾರನ್ನೂ ಕೂಗದೆ ನಾನೇ ತಗೊಳ್ಳೋ ಹಾಗಿರಬೇಕು. ಅಷ್ಟೇ."

ಬಡಗಿ ಊಟ ಮಾಡಲಿಲ್ಲ. ಅಟ್ಟ ಹತ್ತಿದ.

ಇಪ್ಪತ್ತೆರಡು ವರ್ಷದ ದುಡಿಮೆ ಅಲ್ಲಿ ಧೂಳು ತಿನ್ನುತ್ತಿತ್ತು. ಬ್ಯಾಂಕಿನ ಮೇಜಿನಲ್ಲಿ ಮಿಕ್ಕ ತೇಗ, ಯಾರದೋ ಮದುವೆ ಮಂಚದ ಬೀಟೆ, ಶಾಲೆಯ ಬೆಂಚಿನ ಹಲಸು. ಅಂಗಡಿಗೆ ಒಯ್ದು ಒಂದೊಂದನ್ನೇ ಕೀಸಿದ. ಒಂಬತ್ತು ಖಾನೆ, ಸಾಲಿಗೆ ಮೂರು. ಮೂಲೆಗಳಲ್ಲಿ ಒಂದೂ ಮೊಳೆಯಿಲ್ಲ. ಎರಡು ಕೈಯ ಬೆರಳು ಹೆಣೆದಂತೆ ಹಲಗೆಗೆ ಹಲಗೆ ಕೂಡಿಸಿದ. ಹಿಡಿಗಳನ್ನು ಬೀಟೆಯಲ್ಲಿ ಕಡಲೆಕಾಳಿನಷ್ಟೇ ಮಾಡಿದ.

ಅವನ ಜೊತೆಗಾರನನ್ನು ಎಲ್ಲರೂ ಮೊಳೆಯಣ್ಣ ಎನ್ನುತ್ತಿದ್ದರು. ಆಳು ಮೊಳೆಯಂತೆ ಸಣ್ಣಗಿದ್ದ; ಜೊತೆಗೆ, ಯಾವ ಕೂಡಿಕೆ ಹಟ ಮಾಡಿದರೂ ಮೊಳೆ ಹೊಡೆದು ಬಾಯಿ ಮುಚ್ಚಿಸುವುದು ಅವನ ಪದ್ಧತಿ. ಬಡಗಿ ಅದನ್ನು ಮೂವತ್ತು ವರ್ಷದಿಂದ ಆಡಿಕೊಂಡು ನಗುತ್ತಿದ್ದ.

"ಎಷ್ಟು ದಿನ ಉಜ್ಜುತೀಯೋ? ಆ ತಾಯಿ ಕಾಯ್ತಾ ಕೂತಿದ್ದಾಳೆ. ನಾನಾಗಿದ್ರೆ ಒಂದು ದಿನದ ಕೆಲಸ."

"ನಿನ್ನದು ಒಂದು ದಿನದ ಕೆಲಸ, ಒಂದು ವರ್ಷದ ಬಾಳಿಕೆ. ಸುಮ್ಮನಿರು ಮಾರಾಯ."

ಇಪ್ಪತ್ತಾರನೆಯ ದಿನ ಪೆಟ್ಟಿಗೆ ಮುಗಿಯಿತು. ಮೊಳೆಯಣ್ಣ ಒಂದು ಖಾನೆಯನ್ನು ಒಳಕ್ಕೆ ತಳ್ಳಿದ. ಒಳಗಿನ ಗಾಳಿಗೆ ಹೋಗಲು ಬೇರೆ ಸಂದಿಲ್ಲದೆ, ಪಕ್ಕದ ಖಾನೆ ಮೆಲ್ಲಗೆ, ಯಾರೋ ಒಳಗಿನಿಂದ ತಳ್ಳಿದಂತೆ, ಹೊರಗೆ ಮುಖ ಹಾಕಿತು. ಅದನ್ನು ತಳ್ಳಿದರೆ ಇನ್ನೊಂದು.

"ಉಸಿರಾಡ್ತಾ ಇದೆಯಲ್ಲೋ ಇದು!" ಎಂದ ಮೊಳೆಯಣ್ಣ. ಅವನ ಬಾಯಿಂದ ಅಷ್ಟು ಬರುವುದೇ ಅಪರೂಪ. ಬಡಗಿಗೆ ಎದೆ ಹಗುರಾಯಿತು.

ಮನೆಯಲ್ಲಿ ತಂಗಿ ಗುಂಡಿಗಳನ್ನೆಲ್ಲ ತುಂಬಿ, ಪೆಟ್ಟಿಗೆಯನ್ನು ಕಿಟಕಿಯ ಬಳಿಯ ಸ್ಟೂಲಿನ ಮೇಲಿಟ್ಟಳು. ಹೆಂಡತಿ ಎಡಗೈಯಿಂದ ಮೇಲ್ಮೈ ಸವರಿದಳು. ಎರಡು ಬೆರಳಲ್ಲಿ ಹಿಡಿಯನ್ನು ಹಿಡಿದು ಎಳೆದಳು. ಖಾನೆ ಬರಲಿಲ್ಲ; ಪೆಟ್ಟಿಗೆಯೇ ಅವಳ ಕಡೆಗೆ ಜಾರಿ ಬಂತು. ಮತ್ತೆ ಎಳೆದಳು. ಮತ್ತೆ ಪೆಟ್ಟಿಗೆಯೇ ಬಂತು. ಬಲಗೈ ಇದ್ದವರು ಅದರಲ್ಲಿ ಪೆಟ್ಟಿಗೆಯನ್ನು ಒತ್ತಿ ಹಿಡಿಯುತ್ತಾರೆ. ಆ ಬಲಗೈ ಮಡಿಲಲ್ಲಿ ಮಲಗಿತ್ತು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅವಳು ನಕ್ಕಳು. "ಅಭ್ಯಾಸ ಆಗ್ಬೇಕು ಅಷ್ಟೇ. ಎಷ್ಟು ಚೆನ್ನಾಗಿದೆ ರೀ!"

ಬಡಗಿ ಚೆನ್ನಾಗಿದೆ ಎಂಬುದನ್ನಷ್ಟೇ ಕೇಳಿಸಿಕೊಂಡ. ಹೊಗಳಿಕೆಗೆ ಹಸಿದವನಿಗೆ ಕಿವಿ ಅರ್ಧವೇ ಕೆಲಸ ಮಾಡುತ್ತದೆ. ಹೊಸ ಮರ, ನಾಲ್ಕು ದಿನ ಹೋದರೆ ಸಡಿಲವಾಗುತ್ತದೆ ಎಂದುಕೊಂಡ.

ಐದನೆಯ ದಿನ ಅಳತೆಪಟ್ಟಿ ಮರೆತಿದ್ದರಿಂದ ಬೆಳಿಗ್ಗೆ ಹತ್ತಕ್ಕೇ ಹಿಂತಿರುಗಿದ. ತಂಗಿ ಕುಡಿಯುವ ನೀರು ತರಲು ಹೋಗಿದ್ದಳು. ಕೋಣೆಯ ಬಾಗಿಲಲ್ಲೇ ಅವನ ಕಾಲು ನಿಂತಿತು. ಹೆಂಡತಿ ಎಡಗೈಯಿಂದ ಪೆಟ್ಟಿಗೆಯನ್ನು ಎದೆಗೆ ಅವುಚಿ ಹಿಡಿದು, ಕತ್ತು ಬಗ್ಗಿಸಿ, ಕಡಲೆಕಾಳಿನಷ್ಟಿದ್ದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ತುಟಿ ಹರಿದು ತೆಳ್ಳಗೆ ರಕ್ತ ಕಂಡಿತು. ತೊಡೆಯ ಮೇಲೆ ಮೇಷ್ಟ್ರ ಅಂಗಿ.

ಅವನು ಸದ್ದಿಲ್ಲದೆ ಹಿಂದಕ್ಕೆ ಸರಿದ. ಬೀದಿಗಿಳಿದು, ತಂಗಿ ಬಿಂದಿಗೆ ಹೊತ್ತು ಬರುವವರೆಗೂ ಗೋಡೆಗೆ ಒರಗಿ ನಿಂತ.

ಸಂಜೆ, "ಪಾಲಿಶ್ ಒಂದು ಕಡೆ ಸರಿ ಕೂತಿಲ್ಲ, ಒಯ್ದು ತರ್ತೀನಿ" ಎಂದ. ಅವಳ ತುಟಿ ಊದಿತ್ತು. "ಬಿಸಿ ಚಹಾ" ಎಂದಳು, ಅವನು ಕೇಳದಿದ್ದರೂ.

ಮರುದಿನ ಅಂಗಡಿಯಲ್ಲಿ ಅವನು ಒಂಬತ್ತೂ ಖಾನೆಗಳನ್ನು ಹೊರಗೆಳೆದು ಮೊದಲನೆಯದರ ಪಕ್ಕವನ್ನು ಕೀಸತೊಡಗಿದಾಗ ಮೊಳೆಯಣ್ಣ ಓಡಿ ಬಂದು ಕೈ ಹಿಡಿದ.

"ಹುಚ್ಚು ಹಿಡೀತೇನೋ? ಚಿನ್ನದಂಥ ಕೆಲಸ ಕೆಡಿಸ್ತಾ ಇದ್ದೀಯ!"

"ನನ್ನ ಹೆಸರಿಗೆ ಮಾಡಿದ್ದೆ ಕಣೋ ಇದನ್ನ. ಅವಳ ಕೈಗೆ ಮಾಡಿರಲಿಲ್ಲ."

ಮೊಳೆಯಣ್ಣ ಕೈ ಬಿಟ್ಟ. ಮರ ತೆಳ್ಳಗೆ ಸುರುಳಿ ಸುರುಳಿಯಾಗಿ ಬಡಗಿಯ ಪಾದದ ಮೇಲೆ ಬೀಳತೊಡಗಿತು. ಎಡಗೈಯ ಒಂದೇ ಬೆರಳಿನಿಂದ ಎಳೆದು ನೋಡುವುದು, ಮತ್ತೆ ಕೀಸುವುದು. ಖಾನೆಗಳು ಒಳಗೆ ಅಲ್ಲಾಡತೊಡಗಿದವು; ಹೊಸದಾಗಿ ಕಲಿಯುವವನು ಮಾಡಿದರೂ ಬೈಸಿಕೊಳ್ಳುವಷ್ಟು ಸಂದು. ಕಡಲೆಕಾಳಿನ ಹಿಡಿಗಳನ್ನು ಕಿತ್ತು, ಬೆರಳು ತೂರುವಷ್ಟು ಅಗಲದ ತೊಗಲಿನ ಕುಣಿಕೆಗಳನ್ನು ಹಾಕಿದ. ಒಂದನ್ನು ಎಳೆದು ತಳ್ಳಿದಾಗ "ಕಟಕ್" ಎಂದು ಹಿಂದಿನ ಹಲಗೆಗೆ ಬಡಿಯಿತು. ಇನ್ನು ಯಾವ ಖಾನೆಯೂ ಉಸಿರಾಡುತ್ತಿರಲಿಲ್ಲ.

"ನಾಲ್ಕು ಮೊಳೆ ಕೊಡು" ಎಂದ ಬಡಗಿ.

ಮೂವತ್ತು ವರ್ಷದಲ್ಲಿ ಮೊದಲ ಸಲ. ಮೊಳೆಯಣ್ಣ ಹಾಸ್ಯ ಮಾಡಲಿಲ್ಲ. ಡಬ್ಬಿಯಲ್ಲಿ ಹುಡುಕಿ, ತುಕ್ಕಿಲ್ಲದ ನಾಲ್ಕನ್ನು ಆರಿಸಿ ಕೊಟ್ಟ.

ಮನೆಗೆ ತಂದ ಪೆಟ್ಟಿಗೆಯನ್ನು ಜಾರದಂತೆ ಯಾವುದಕ್ಕಾದರೂ ಬಿಗಿಯಬೇಕಿತ್ತು. ಸ್ಟೂಲು ಹಗುರ, ಅದೂ ಜೊತೆಗೇ ಬರುತ್ತದೆ. ಬಡಗಿ ಕೋಣೆಯ ಸುತ್ತ ಕಣ್ಣಾಡಿಸಿದ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರವಿತ್ತು. ಆರು ತಿಂಗಳಿಂದ ಅದರ ಹಲಗೆಯ ಮೇಲೆ ಒಂದು ಲೋಟ ಇಡಲೂ ಅವಳು ಬಿಟ್ಟಿರಲಿಲ್ಲ. ಅವನು ಅದನ್ನು ನೋಡಿ, ನೋಡದವನಂತೆ ಬೇರೆ ಕಡೆ ತಿರುಗಿದ.

"ಅಲ್ಲೇ ಹೊಡೀರಿ" ಎಂದಳು ಅವಳು.

"ಬೇಡ ಕಣೇ. ನಾಳೆ ಕೈ ಸರಿಹೋದ್ರೆ…"

"ನನಗೆ ಸುಳ್ಳು ಹೇಳ್ಬೇಡಿ, ನಿಮಗೆ ಬರಲ್ಲ. ಅದನ್ನ ನಡೆಸೋ ಕಾಲು ಇನ್ನೆಲ್ಲಿದೆ? ಹೊಡೀರಿ."

ನಾಲ್ಕು ಮೊಳೆ. ಪ್ರತಿ ಏಟಿಗೂ ಯಂತ್ರದ ಚಕ್ರ ಒಂದಿಷ್ಟು ನಡುಗಿತು. ಅವಳು ಕಣ್ಣು ತೆಗೆಯದೆ ನೋಡಿದಳು. ಮುಗಿದ ಮೇಲೆ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು, ತೋರುಬೆರಳನ್ನು ಕುಣಿಕೆಗೆ ತೂರಿಸಿ ಎಳೆದಳು. ಖಾನೆ ಹೊರಗೆ ಬಂತು. ಬಿಳಿ ಗುಂಡಿಗಳು. ಇನ್ನೊಂದು, ಕಂದು. ಇನ್ನೊಂದು, ನೀಲಿ. ಒಂಬತ್ತನ್ನೂ ತೆಗೆದು, ಒಂಬತ್ತನ್ನೂ ತಳ್ಳಿದಳು.

"ನೀವಿಬ್ಬರೂ ಇಲ್ಲೇನು ಮಾಡ್ತಿದ್ದೀರಿ? ಹೋಗಿ, ಕೆಲಸ ನೋಡಿ" ಎಂದಳು, ಗಂಡನಿಗೂ ಬಾಗಿಲಲ್ಲಿ ನಿಂತಿದ್ದ ತಂಗಿಗೂ.

ಅಡುಗೆಮನೆಗೆ ಬಂದ ಬಡಗಿಗೆ ಕೋಣೆಯಿಂದ ಸದ್ದು ಕೇಳಿತು. ಕಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಟಕ್. ಮೊದಲು ತಂಗಿ ದಡಕ್ಕನೆ ಎದ್ದಳು. ಅವನು ಕೈಯಲ್ಲೇ ತಡೆದ. "ಕೂತ್ಕೋಮ್ಮ. ಅದು ಕರೆಯೋ ಸದ್ದಲ್ಲ."

ಹತ್ತೊಂಬತ್ತು ದಿನ ಆ ಸದ್ದು ಕೇಳಿತು. ಮೇಷ್ಟ್ರ ಅಂಗಿಗೆ ಗುಂಡಿ ಸಿಕ್ಕಿತು, ಬೇರೆ ಏಳೆಂಟು ಮನೆಯವರ ಬಟ್ಟೆಗೂ ಸಿಕ್ಕಿತು. ಇಪ್ಪತ್ತನೆಯ ದಿನ ಬೆಳಗಾದರೂ ಅವಳು ಎಚ್ಚರಗೊಳ್ಳಲಿಲ್ಲ. ಡಾಕ್ಟರು ಹೇಳಿದ್ದ ಇನ್ನೊಂದು ಸಲ ಬಂದು ಹೋಗಿತ್ತು.

ತಿಂಗಳ ಮೇಲೆ ತಂಗಿ ತನ್ನ ಮನೆಗೆ ಹೊರಟಳು. ಹೊರಡುವ ಮುನ್ನ ಕೋಣೆಯನ್ನು ಒರೆಸಿ, ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು.

"ಭಾವ, ಖಾನೆಗಳೆಲ್ಲ ಲೊಡಲೊಡ ಅಂತಿವೆ. ಬಂದವರು ನೋಡಿದರೆ ನಿಮ್ಮ ಕೆಲಸ ಅಂತಾರಾ? ಸ್ವಲ್ಪ ಬಿಗಿ ಮಾಡಬಾರದಾ?"

"ಅಳತೆ ಸರಿಯಾಗೇ ಇದೆಯಮ್ಮ" ಎಂದ ಬಡಗಿ, ಅಡುಗೆಮನೆಯಿಂದ. ಅವನು ಲೋಟ ತೊಳೆಯುತ್ತಿದ್ದ.

ತಂಗಿ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. ಅಕ್ಕನ ನೆನಪಿಗೆ ಒಂದು ಗುಂಡಿಯಾದರೂ ಇರಲಿ ಎಂದು ಒಂದು ಖಾನೆ ಎಳೆದು, ಒಂದು ನೀಲಿ ಗುಂಡಿಯನ್ನು ಎತ್ತಿಕೊಂಡು ತಳ್ಳಿದಳು.

ಕಟಕ್.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಕೈ ನಿಂತಿತು. ಹೆಂಡತಿಗೆ ಬೇಕಾದದ್ದು ಅವಳಿಗೇ ಸಿಕ್ಕಿತು, ಹೋಗಬೇಕಾಗಿಲ್ಲ ಎಂದುಕೊಂಡ, ಹತ್ತೊಂಬತ್ತು ದಿನದ ರೂಢಿಯಿಂದ. ಆಮೇಲೆ ನೆನಪಾಯಿತು. ನಲ್ಲಿಯ ನೀರು ಲೋಟ ತುಂಬಿ ಅವನ ಕೈ ಮೇಲೆ ಹರಿಯುತ್ತಲೇ ಇತ್ತು.